ಬೆನ್ನು ತೋರಿಸುವ ಲಾರಿ

ಅಬ್ಬಾಸಿಯಾದ ನಮ್ಮ ಷೆಡ್ಡಿಗೆ ಬಂದಾಗ ಅದು ಬರೀ ಲಾರಿ.
ಹೊಸ ಬಣ್ಣದ ವಾಸನೆ.
ಸೀಟಿನ ಅಡಿ ಕೆನಡಾದ ಯಾವುದೋ ಕಾರ್ಖಾನೆಯ ಹುಡುಗಿ
ಪೆನ್ಸಿಲ್ಲಿನಲ್ಲಿ ಬರೆದಿಟ್ಟ ತನ್ನ ಹೆಸರು.
ನನಗೆ ಓದಲು ಬರದು, ಇನ್ನೊಬ್ಬ ಓದಿ ಹೇಳಿದ: ವಿನಿಫ್ರೆಡ್.

ಸಾಹೇಬ ಮೊಣಕಾಲೂರಿ
ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಚಿದ.
ಇಲ್ಲಿ ಹಳಿ, ಇಲ್ಲಿ ರಾಟೆ, ಇಲ್ಲಿ ಫಿರಂಗಿ.
"ಚಾವಣಿ ತೆಗಿ, ಗಾಜು ತೆಗಿ, ವಹ್ಬಾ."
ದಿನಕ್ಕೆ ಹದಿನೆಂಟು ಕಿರ್ಷ್ ಕೊಡುವವರು
ತಲೆ ತೆಗಿ ಅಂದರೆ ತೆಗೆಯಬೇಕು.
ತೆಗೆದೆ. ಗ್ಯಾಸಿನ ನೀಲಿ ನಾಲಗೆ
ತಗಡಿನ ಅಂಚು ನೆಕ್ಕುತ್ತ ಹೋಯಿತು,
ಮುಚ್ಚಳ ಕಳಚಿದ ಡಬ್ಬಿಯ ಹಾಗೆ
ಬಾಯಿ ಬಿಟ್ಟುಕೊಂಡು ನಿಂತಿತು ಲಾರಿ.

ಫಿರಂಗಿಯನ್ನು ಹಲಗೆ ಇಟ್ಟು ಹತ್ತಿಸಿದೆವು, ಏಳು ಜನ,
ಸಯೀದಿಗಳ ಹೇಲಾ ಹೋಪ್ ಹಾಕುತ್ತ.
ಕೊಳವೆ ಹಿಂದಕ್ಕೆ.
"ಸಾಹೇಬ, ಮೂತಿ ಒಂದು ಕಡೆ, ಬಾಯಿ ಇನ್ನೊಂದು ಕಡೆಯೇ?"
ಆತ ನಕ್ಕ. ಟ್ಯಾಂಕು ಕಂಡ ಕೂಡಲೆ
ಲಾರಿ ತಿರುಗುತ್ತದೆ, ಹೊಡೆಯುತ್ತದೆ, ಓಡುತ್ತದೆ.
ಮತ್ತೆ ನಿಲ್ಲುತ್ತದೆ, ಹೊಡೆಯುತ್ತದೆ.

ನಮ್ಮ ಅಸ್ಯೂತಿನ ಕಡೆ ಬೆನ್ನು ತೋರಿಸಿದವನಿಗೆ
ಹೆಣ್ಣು ಕೊಡುವುದಿಲ್ಲ, ನೀರೂ ಕೊಡುವುದು ಅನುಮಾನ.
ಇದಕ್ಕೆ ಬೆನ್ನು ತೋರಿಸುವುದೇ ಕಸುಬು.

ಅದನ್ನು ಓಡಿಸಲು ಬಂದವನು ಪೆಂಗೆಲ್ಲಿ.
ಭೂಮಿಯ ತುತ್ತತುದಿಯ ದ್ವೀಪದವನು,
ಜನಕ್ಕಿಂತ ಕುರಿ ಜಾಸ್ತಿಯಂತೆ ಅಲ್ಲಿ.
ಊರಲ್ಲಿ ಹಾಲಿನ ಲಾರಿ ಓಡಿಸುತ್ತಿದ್ದ.
ಹಿಂದೆ ಕ್ಯಾನು ಗಲಗಲ ಅಂದರೆ ತಿರುಗಿ ನೋಡುತ್ತಿರಲಿಲ್ಲ,
ಯಾವುದು ತುಳುಕಿತು ಎಂದು ಸದ್ದಿನಲ್ಲೇ ಗೊತ್ತಾಗುತ್ತಿತ್ತು.
"ಇದರ ಸದ್ದು ಗೊತ್ತಿಲ್ಲ ನನಗೆ," ಅಂದ.
"ನನ್ನ ಬೆನ್ನ ಹಿಂದೆ ಮೂವರು ಇರುತ್ತಾರೆ.
ಒಂದು ಕನ್ನಡಿ ಹಾಕಿ ಕೊಡು."

ಕನ್ನಡಿ ಬಿಸಿಲಿಗೆ ಹೊಳೆಯುತ್ತದೆ,
ಹೊಳೆದದ್ದು ಸಾಯುತ್ತದೆ, ಎಂದು ಸಾಹೇಬನ ಕಾನೂನು.
ಸಾಹೇಬ ಊಟಕ್ಕೆ ಹೋದಾಗ
ಕ್ಷೌರದ ನಸೀಫನ ಹಳೆ ಕನ್ನಡಿ ತಂದು
ಬಾಗಿಲಿನ ಕಂಬಕ್ಕೆ ಬೆಸೆದೆ.
ಅಂಗೈಯಷ್ಟಗಲ. ಗ್ರೀಸು ಸವರಿ ಮೇಲೆ ಮರಳು ಉಜ್ಜಿದೆ,
ನಡುವೆ ಒಂದು ಕಣ್ಣಿನಷ್ಟು ಜಾಗ ಬಿಟ್ಟು.

ಅವರು ಪಶ್ಚಿಮಕ್ಕೆ ಹೋದರು.
ಕತ್ತರಿಸಿದ ಚಾವಣಿಯನ್ನು ನಾನು ಷುಬ್ರಾಕ್ಕೆ,
ಕತ್ತೆಗಾಡಿಯಲ್ಲಿ, ಕಾವಲಿನವನಿಗೆ ಎರಡು ಸಿಗರೇಟು ಕೊಟ್ಟು.
ತಫೀದಾ ಅದನ್ನು ಮಾಳಿಗೆಯ ಪಾರಿವಾಳದ ಗೂಡಿಗೆ ಹೊದಿಸಿದಳು.

ಡಿಸೆಂಬರಿನಲ್ಲಿ ಲಾರಿ ವಾಪಸು ಬಂತು,
ಇನ್ನೊಂದು ಲಾರಿಗೆ ಹಗ್ಗ ಕಟ್ಟಿ.
ಫಿರಂಗಿಯ ಗುರಾಣಿಯಲ್ಲಿ ಎರಡು ತೂತು,
ಒಂದೊಂದೂ ಸೀಬೆಹಣ್ಣಿನ ಗಾತ್ರ, ಅಂಚು ನಯವಾಗಿ,
ನಾನು ಕೊರೆದಿದ್ದರೂ ಅಷ್ಟು ನಯ ಬರುತ್ತಿರಲಿಲ್ಲ.
ಹಲಗೆ ತೊಳೆದಿದ್ದರು.
ಹಳಿಯ ಸಂದಿನಲ್ಲಿ ತೊಳೆದಿರಲಿಲ್ಲ.

ಡ್ರೈವರ್ ಸೀಟಿಗೆ ಒಂದು ಗೀರೂ ಇಲ್ಲ.
ಅದರ ಮೇಲೆ ಪೆಂಗೆಲ್ಲಿ ಕೂತಿದ್ದ,
ಸ್ಟೀರಿಂಗ್ ಹಿಡಿದು, ಇಂಜಿನ್ನಿಲ್ಲದ ಲಾರಿಯನ್ನು
ಅಷ್ಟು ದೂರವೂ ತಾನೇ ಓಡಿಸಿದವನ ಹಾಗೆ.
ಇಳಿಯಲಿಲ್ಲ. ಚಹಾ ಕೊಟ್ಟೆ, ಹಿಡಿದುಕೊಂಡ, ಕುಡಿಯಲಿಲ್ಲ.

"ಕನ್ನಡಿ ತೆಗಿ, ವಹ್ಬಾ."

ನಾನು ಯಾಕೆ ಎಂದು ಕೇಳಲಿಲ್ಲ.
ಬೆಸುಗೆ ಗಟ್ಟಿ ಹಾಕಿದ್ದೆ,
ಉಳಿ ಇಟ್ಟು ಹದಿನಾಲ್ಕು ಪೆಟ್ಟು ಬೇಕಾಯಿತು.
ಪ್ರತಿ ಪೆಟ್ಟಿಗೂ ಅವನ ಹೆಗಲು ಹಾರಿತು.
ಬಿಚ್ಚಿ ಕೈಗೆ ಬಂದಾಗ ನೋಡಿದೆ:
ಮರಳು ಗಾಳಿಗೆ ಗಾಜು ಪೂರ್ತಿ ಸವೆದು
ಹಾಲಿನಂತೆ ಬೆಳ್ಳಗಾಗಿತ್ತು.
ಕಣ್ಣಿನಷ್ಟು ಜಾಗವೂ ಉಳಿದಿರಲಿಲ್ಲ.
ಯಾವತ್ತಿನಿಂದ ಹಾಗಿತ್ತೋ,
ಅವನು ಅದರಲ್ಲಿ ನೋಡಿದ್ದೇನೋ, ಕೇಳಿದ್ದೇನೋ.

ಷುಬ್ರಾದಲ್ಲಿ ಆ ವಾರ ಮಳೆ, ಅಪರೂಪಕ್ಕೆ.
ಚಾವಣಿಯ ಬೋಲ್ಟಿನ ತೂತಿನಿಂದ ಗೂಡಿಗೆ ತೊಟ್ಟಿಕ್ಕುತ್ತಿದೆ,
ಬಂದು ಮುಚ್ಚು ಎಂದು ತಫೀದಾ ದಿನವೂ ಬೈಯುತ್ತಾಳೆ.
ಇಲ್ಲಿ ಇನ್ನೂ ಒಂಬತ್ತು ಲಾರಿ ಸಾಲಾಗಿ ನಿಂತಿವೆ,
ತಲೆ ಇರುವವು.
ಮೊದಲನೆಯದರ ಸೀಟು ಎತ್ತಿ ನೋಡಿದೆ.
ಯಾರೂ ಏನೂ ಬರೆದಿರಲಿಲ್ಲ.
ಗ್ಯಾಸು ಹೊತ್ತಿಸಿದೆ.